ಹೊರನಾಡಿನಲ್ಲಿ ನೆಲೆಸಹೊರಟವರ ಪೂರ್ವಸಿದ್ಧತೆ

ಹತ್ತಿಪ್ಪತ್ತು ವರ್ಷಗಳ ಹಿಂದೆ ಶಾಲೆ ಬಿಟ್ಟುಹೋದ ವಿದ್ಯಾರ್ಥಿಯೊಬ್ಬನು ಒಂದು ದಿನ ಅನಿರೀಕ್ಷಿತವಾಗಿ ಕಚೇರಿಯ ಬಾಗಿಲಲ್ಲಿ ನಿಂತು, ತನ್ನ ಹೆಸರಿರುವ ದಾಖಲಾತಿ ರಿಜಿಸ್ಟರಿನ ದೃಢೀಕೃತ ಪ್ರತಿಯನ್ನು ಬೇಡುವ ಪ್ರಸಂಗ ಕನ್ನಡ ನಾಡಿನ ಶಾಲೆಗಳಿಗೆ ಈಗ ಹೊಸದೇನಲ್ಲ. ವಿಚಾರಿಸಿದರೆ ಆತನು ಹೆಂಡತಿ ಮಕ್ಕಳೊಡನೆ ಪರದೇಶಕ್ಕೆ ಹೊರಟು ನಿಂತಿರುತ್ತಾನೆ. ಇಂತಹ ಪ್ರಯಾಣದ ಸಿದ್ಧತೆ ಪಾಸ್‌ಪೋರ್ಟಿನಿಂದ ಆರಂಭವಾಗುತ್ತದೆಂಬುದು ಜನಸಾಮಾನ್ಯರ ಗ್ರಹಿಕೆ. ವಾಸ್ತವದಲ್ಲಿ ಅದು ಆರಂಭವಾದದ್ದು, ತಂದೆಯ ಬೆರಳು ಹಿಡಿದು ಬಂದ ಹುಡುಗನ ಹೆಸರನ್ನೂ ಜನ್ಮದಿನಾಂಕವನ್ನೂ ಗುರುಗಳು ಲೇಖನಿಯಿಂದ ವಹಿಯಲ್ಲಿ ಬರೆದ ದಿನವೇ.

ಅಮೆರಿಕ ಸಂಯುಕ್ತ ಸಂಸ್ಥಾನವು 1965ರಲ್ಲಿ ತನ್ನ ವಲಸೆ ಕಾನೂನನ್ನು ಬದಲಿಸಿ, ಮೂಲದೇಶದ ಆಧಾರದ ಮೇಲೆ ಜನರನ್ನು ತಡೆಯುವ ಪದ್ಧತಿಯನ್ನು ಕೈಬಿಟ್ಟಿತು. ಕೆನಡಾ 1967ರಲ್ಲಿ ವಿದ್ಯೆ, ಭಾಷೆ, ಕಸುಬುಗಳಿಗೆ ಅಂಕ ನೀಡಿ ಜನರನ್ನು ಆರಿಸುವ ಕ್ರಮವನ್ನು ತಂದಿತು. ಕರ್ನಾಟಕದ ವೈದ್ಯರೂ ಇಂಜಿನಿಯರರೂ ಅಟ್ಲಾಂಟಿಕ್ ಸಾಗರದಾಚೆ ನೆಲೆಸಲು ಹಾದಿ ತೆರೆದದ್ದು ಬಹುಮಟ್ಟಿಗೆ ಆ ದಶಕದಲ್ಲಿ. ಅಂದು ಹೊರಟವರು ಬೆರಳೆಣಿಕೆಯ ಜನ. ಇಂದು ತಾಲೂಕು ಊರುಗಳಿಂದಲೂ ಸಂಸಾರಗಳೇ ಹೊರಡುತ್ತಿವೆ. ಕೊಲ್ಲಿ ದೇಶಗಳಿಗೆ ಕರಾರಿನ ಮೇಲೆ ದುಡಿಯಲು ಹೋಗುವುದು ಬೇರೆ, ಎರಡು ವರ್ಷದ ಓದಿಗೆ ಹೋಗುವುದು ಬೇರೆ, ನೆಲೆಸಲು ಹೋಗುವುದು ಬೇರೆ. ಈ ಮೂರನೆಯ ಬಗೆಯನ್ನೇ ಇಲ್ಲಿ ವಿವೇಚಿಸಲಾಗಿದೆ. ವಿಷಯ ಸ್ಪಷ್ಟವಾಗಲೆಂದು ಕೆನಡಾವನ್ನು ಉದಾಹರಣೆಯಾಗಿ ಇಟ್ಟುಕೊಂಡಿದೆ; ಆ ದೇಶ ತನ್ನ ನಿಯಮಗಳನ್ನು ಬಿಚ್ಚಿಟ್ಟು ಪ್ರಕಟಿಸುತ್ತದೆ, ಭಾರತೀಯರು ದೊಡ್ಡ ಸಂಖ್ಯೆಯಲ್ಲಿ ಹೋಗುತ್ತಿರುವುದೂ ಅಲ್ಲಿಗೇ. 2023ರಲ್ಲಿ ಅಲ್ಲಿ ಕಾಯಂ ವಾಸದ ಹಕ್ಕು ಪಡೆದ 4 ಲಕ್ಷ 71 ಸಾವಿರ ಜನರಲ್ಲಿ ಸುಮಾರು 1 ಲಕ್ಷ 39 ಸಾವಿರ ಮಂದಿ ಭಾರತದವರೇ ಆಗಿದ್ದರು.

ಮೊದಲು ಹೆಸರಿನ ಮಾತು. ಹಳೆಯ ಮೈಸೂರು ಸೀಮೆಯಲ್ಲಿ ಊರಿನ ಹೆಸರಿನ ಒಂದಕ್ಷರ, ತಂದೆಯ ಹೆಸರಿನ ಒಂದಕ್ಷರ ಮುಂದಿಟ್ಟು ತನ್ನ ಹೆಸರನ್ನು ಬರೆಯುವುದು ವಾಡಿಕೆ. ಉತ್ತರ ಕರ್ನಾಟಕದಲ್ಲಿ ತನ್ನ ಹೆಸರು, ತಂದೆಯ ಹೆಸರು, ಕೊನೆಗೆ ಅಡ್ಡಹೆಸರು. ಪರದೇಶದ ಅರ್ಜಿಗಳಲ್ಲಿ ಇರುವುದು ಎರಡೇ ಮನೆ: ಕೊಟ್ಟ ಹೆಸರು, ಕುಲನಾಮ. ಇನಿಷಿಯಲ್ ಬರೆಯಲು ಅಲ್ಲಿ ಸ್ಥಳವಿಲ್ಲ. ಆ ಅಕ್ಷರಗಳನ್ನು ಬಿಡಿಸಿ ಬರೆದರೆ ಊರಿನ ಹೆಸರೇ ಕುಲನಾಮವಾಗುತ್ತದೆ. ಬಿಡಿಸದೆ ಬಿಟ್ಟರೆ ಕುಲನಾಮದ ಮನೆ ಖಾಲಿ ಉಳಿಯುತ್ತದೆ. ಕೊಟ್ಟ ಹೆಸರಿನ ಮನೆ ಖಾಲಿ ಇದ್ದವರಿಗೆ ಅಮೆರಿಕದ ವೀಸಾದಲ್ಲಿ ‘ಮೊದಲ ಹೆಸರು ತಿಳಿಯದು’ ಎಂಬರ್ಥದ ‘ಎಫ್‌ಎನ್‌ಯು’ ಎಂಬ ಮೂರಕ್ಷರಗಳು ಅಚ್ಚಾಗುತ್ತವೆ. ಬ್ಯಾಂಕಿನಲ್ಲಿಯೂ ಆಸ್ಪತ್ರೆಯಲ್ಲಿಯೂ ಅದೇ ಹೆಸರಾಗಿ, ತಂದೆತಾಯಿಯರು ತೊಟ್ಟಿಲಲ್ಲಿ ಕರೆದ ಹೆಸರು ಹಿಂದೆ ಸರಿಯುತ್ತದೆ. ಸಂಯುಕ್ತ ಅರಬ್ ಸಂಸ್ಥಾನವಂತೂ 2022ರ ನವೆಂಬರಿನಿಂದ ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರಿರುವ ಪ್ರವಾಸಿಗರಿಗೆ ಪ್ರವೇಶವನ್ನೇ ನಿಲ್ಲಿಸಿತು.

ಇಂಗ್ಲಿಷ್ ಕಾಗುಣಿತದ ತೊಡಕು ಇನ್ನೊಂದು. ‘ಶಿವಪ್ಪ’ ಎಂಬುದನ್ನು ಬರೆಯುವಾಗ ಒಬ್ಬ ಗುಮಾಸ್ತರು ‘ಎಸ್’ ಮುಂದೆ ‘ಎಚ್’ ಹಾಕುತ್ತಾರೆ, ಇನ್ನೊಬ್ಬರು ಬಿಡುತ್ತಾರೆ. ‘ಗೌಡ’ ಎಂಬಲ್ಲಿ ಒಬ್ಬರು ‘ಡಬ್ಲ್ಯು’ ಬಳಸಿದರೆ ಮತ್ತೊಬ್ಬರು ‘ಯು’. ‘ಬಸವರಾಜ’ನ ಕೊನೆಯಲ್ಲಿ ‘ಎ’ ಇದೆಯೋ ಇಲ್ಲವೋ ಎಂಬುದು ಕನ್ನಡಿಗರಿಗೆ ಅಪ್ರಸ್ತುತ. ಆದರೆ ಗಣಕಯಂತ್ರಕ್ಕೆ ಅವರಿಬ್ಬರು ಬೇರೆ ಬೇರೆ ಮನುಷ್ಯರು. ಎಸ್.ಎಸ್.ಎಲ್.ಸಿ. ಅಂಕಪಟ್ಟಿ, ಪದವಿ ಪ್ರಮಾಣಪತ್ರ, ಆಧಾರ್, ಪಾನ್, ಪಾಸ್‌ಪೋರ್ಟು ಇಷ್ಟರಲ್ಲಿಯೂ ಹೆಸರು ಅಕ್ಷರಶಃ ಒಂದೇ ಆಗಿರಬೇಕು. ವ್ಯತ್ಯಾಸವಿದ್ದಲ್ಲಿ ಜನರು ‘ಒನ್ ಅಂಡ್ ದಿ ಸೇಮ್’ ಅಫಿಡವಿಟ್ಟು ಮಾಡಿಸುತ್ತಾರೆ. ಅದು ಕೆಲವೆಡೆ ನಡೆಯುತ್ತದೆ, ಕೆಲವೆಡೆ ನಡೆಯದು. ಮೂಲದಲ್ಲಿಯೇ ತಿದ್ದಿಸುವುದು ಉತ್ತಮ. ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ.

ಜನ್ಮದಿನಾಂಕದ ಕಥೆ ಇನ್ನೂ ಸ್ವಾರಸ್ಯದ್ದು. ಒಂದು ತಲೆಮಾರಿನ ಗ್ರಾಮೀಣ ಕರ್ನಾಟಕದಲ್ಲಿ ಅಸಂಖ್ಯಾತ ಜನರು ಜೂನ್ 1ರಂದೇ ಜನಿಸಿದ್ದಾರೆ! ಮಗು ಹುಟ್ಟಿದ್ದು ಕಾರಹುಣ್ಣಿಮೆಯ ಆಸುಪಾಸಿಗೆ ಎಂದೋ, ಜೋಳ ಕೊಯ್ಯುವ ಹೊತ್ತಿಗೆ ಎಂದೋ ತಾಯಿ ಹೇಳುತ್ತಿದ್ದಳು. ಶಾಲೆ ತೆರೆಯುವ ಹೊತ್ತಿಗೆ ವಯಸ್ಸು ತುಂಬಲೆಂದು ಗುರುಗಳು ಒಳ್ಳೆಯ ಮನಸ್ಸಿನಿಂದಲೇ ಜೂನ್ 1 ಎಂದು ಬರೆಯುತ್ತಿದ್ದರು. ಆ ಒಂದು ಗೆರೆಯಿಂದ ಅನೇಕ ಮಕ್ಕಳ ಓದು ಉಳಿಯಿತೆಂಬುದೂ ನಿಜ. ತೊಡಕು ಹುಟ್ಟುವುದು ಗ್ರಾಮ ಪಂಚಾಯಿತಿಯ ಜನನ ನೋಂದಣಿಯಲ್ಲಿ ಬೇರೊಂದು ದಿನಾಂಕ ಇದ್ದಾಗ. ಜನನ ಮರಣ ನೋಂದಣಿ ಕಾಯಿದೆ 1969ರಲ್ಲಿಯೇ ಬಂದಿದ್ದರೂ ಹಳ್ಳಿಗಳಲ್ಲಿ ಅದು ಬೇರೂರಲು ದಶಕಗಳೇ ಬೇಕಾದವು. ಜನನವಾಗಿ ಒಂದು ವರ್ಷ ಮೀರಿದ್ದರೆ ನೋಂದಣಿಗೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಎಸ್.ಎಸ್.ಎಲ್.ಸಿ. ಅಂಕಪಟ್ಟಿ ಹೊರಬಿದ್ದ ಮೇಲೆ ಅದರ ದಿನಾಂಕ ಬದಲಿಸಲು ಬಹುಮಟ್ಟಿಗೆ ನ್ಯಾಯಾಲಯದ ಮೆಟ್ಟಿಲನ್ನೇ ಏರಬೇಕಾಗುತ್ತದೆ. 2025ರಲ್ಲಿ ತಿದ್ದುಪಡಿಯಾದ ಪಾಸ್‌ಪೋರ್ಟ್ ನಿಯಮಗಳ ಮೇರೆಗೆ, 2023ರ ಅಕ್ಟೋಬರ್ 1ರಂದು ಅಥವಾ ಅನಂತರ ಹುಟ್ಟಿದವರಿಗೆ ಜನನ ಪ್ರಮಾಣಪತ್ರವೊಂದೇ ಜನ್ಮದಿನಾಂಕದ ಆಧಾರ. ಅದಕ್ಕೆ ಮೊದಲು ಹುಟ್ಟಿದವರಿಗೆ ಶಾಲೆಯ ದಾಖಲೆ ಈಗಲೂ ಸಲ್ಲುತ್ತದೆ. ಆದ್ದರಿಂದ ಹಳೆಯ ರಿಜಿಸ್ಟರುಗಳನ್ನು ಗೆದ್ದಲಿನಿಂದಲೂ ಮಳೆನೀರಿನಿಂದಲೂ ಕಾಪಾಡುವ ಕಾರ್ಯ, ಊರು ಬಿಟ್ಟುಹೋಗುವವರಿಗೆ ಶಾಲೆ ಮಾಡುವ ನಿಜವಾದ ಉಪಕಾರ.

ಹತ್ತನೆಯ ತರಗತಿ ತೇರ್ಗಡೆಯಾಗುವುದರ ಬೆಲೆಯೂ ಇಲ್ಲಿ ಕಾಣುತ್ತದೆ. 1983ರ ವಲಸೆ ಕಾಯಿದೆಯಂತೆ, ಮೆಟ್ರಿಕ್ಯುಲೇಷನ್ ದಾಟದವರು ಕೊಲ್ಲಿ ದೇಶಗಳೂ ಸೇರಿದಂತೆ ನಿಗದಿತ 18 ದೇಶಗಳಿಗೆ ಉದ್ಯೋಗಕ್ಕಾಗಿ ಹೋಗಬೇಕಾದರೆ ವಲಸೆ ಅನುಮತಿ ಪಡೆಯಬೇಕು. ದಾಟಿದವರಿಗೆ ಆ ಕಟ್ಟಳೆಯಿಲ್ಲ. ಪಾಸ್‌ಪೋರ್ಟು ಕೈಗೆ ಬಂದ ಮೇಲೆ ಪೊಲೀಸ್ ನಿರಾಕ್ಷೇಪಣಾ ಪತ್ರವನ್ನು ಪಾಸ್‌ಪೋರ್ಟ್ ಕಚೇರಿಯ ಮೂಲಕವೇ ಪಡೆಯಬೇಕು. ಮದುವೆ ಮನೆಯಂಗಳದಲ್ಲಿಯೇ ಆಗಿದ್ದರೂ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಾಯಿಸಿರಬೇಕು. ಲಗ್ನಪತ್ರಿಕೆ ಮತ್ತು ಫೋಟೋಗಳಷ್ಟೇ ಸಾಲವು. ಇನ್ನು ದಾಖಲೆಗಳ ಸಾಚಾತನವನ್ನು ಸಾರುವ ‘ಅಪೊಸ್ಟಿಲ್’ ಎಂಬ ಮುದ್ರೆಯೊಂದಿದೆ. 1961ರ ಹೇಗ್ ಒಡಂಬಡಿಕೆಯಿಂದ ಬಂದ ಈ ಪದ್ಧತಿ ಭಾರತಕ್ಕೆ 2005ರ ಜುಲೈನಿಂದಲೂ ಕೆನಡಾಕ್ಕೆ 2024ರ ಜನವರಿಯಿಂದಲೂ ಅನ್ವಯಿಸಿದೆ. ರಾಜ್ಯ ಸರ್ಕಾರದ ದೃಢೀಕರಣವಾದ ಮೇಲೆ ವಿದೇಶಾಂಗ ಸಚಿವಾಲಯ ಈ ಮುದ್ರೆಯನ್ನು ಒತ್ತುತ್ತದೆ. ಒಡಂಬಡಿಕೆಗೆ ಸೇರದ ದೇಶವಾದರೆ ಆ ದೇಶದ ರಾಯಭಾರ ಕಚೇರಿಯ ಮೊಹರು ಬೇಕು.

ಕೆನಡಾದ ಆಯ್ಕೆಯ ಕ್ರಮ 2015ರ ಜನವರಿಯಿಂದ ‘ಎಕ್ಸ್‌ಪ್ರೆಸ್ ಎಂಟ್ರಿ’ ಎಂಬ ಹೆಸರಿನಲ್ಲಿ ನಡೆದಿದೆ. ಅರ್ಜಿದಾರರನ್ನು 1200 ಅಂಕಗಳ ಪಟ್ಟಿಯಲ್ಲಿ ತೂಗಿ, ಮೇಲಿನವರನ್ನು ಆಹ್ವಾನಿಸಲಾಗುತ್ತದೆ. ವಯಸ್ಸಿನ ಅಂಕ 20ರಿಂದ 29ರವರೆಗೆ ಪೂರ್ಣ. ಅಲ್ಲಿಂದ ವರ್ಷವರ್ಷವೂ ಇಳಿದು 45ಕ್ಕೆ ಶೂನ್ಯ. ಇಂಗ್ಲಿಷ್ ಅಥವಾ ಫ್ರೆಂಚ್ ಪರೀಕ್ಷೆಯ ಫಲಿತಾಂಶ ಎರಡೇ ವರ್ಷ ಊರ್ಜಿತ, ಪದವಿಯ ತುಲನಾ ವರದಿ ಐದು ವರ್ಷ. ಈ ತುಲನೆಗೆ ಓದಿದ ವಿಶ್ವವಿದ್ಯಾಲಯವೇ ಅಂಕಗಳ ವಿವರವನ್ನು ತುಲನಾ ಸಂಸ್ಥೆಗೆ ನೇರವಾಗಿ ಕಳಿಸಬೇಕು. ಧಾರವಾಡ, ಮೈಸೂರು, ಕಲಬುರಗಿ, ಬೆಳಗಾವಿ ಎಲ್ಲಿ ಓದಿದ್ದರೂ ಆ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗವನ್ನು ಕೆಲವು ಸಲ ಕಾಣಲೇಬೇಕಾಗುತ್ತದೆ. ವಸತಿಯ ಆರಂಭದ ಖರ್ಚಿಗೆ ಹಣವಿದೆಯೆಂದು ತೋರಿಸುವುದೂ ಇದರ ಭಾಗ. 2025ರಲ್ಲಿ ಒಬ್ಬಂಟಿಗನಿಗೆ ಅದು 15 ಸಾವಿರ ಕೆನಡಾ ಡಾಲರಿಗಿಂತ ತುಸು ಹೆಚ್ಚಿತ್ತು. ಈ ಹಣ ಸಾಲದ್ದಾಗಿರಬಾರದು. ಹೊಲ ಒತ್ತೆಯಿಟ್ಟು ಖಾತೆ ತುಂಬಿಸಿ ತೋರಿಸುವವರು ಒಮ್ಮೆಗೇ ಎರಡು ತಪ್ಪು ಮಾಡುತ್ತಾರೆ: ನಿಯಮ ಮೀರುತ್ತಾರೆ, ಹೊಲವನ್ನೂ ಅಪಾಯಕ್ಕೆ ಒಡ್ಡುತ್ತಾರೆ.

ನಿಯಮಗಳು ಸ್ಥಿರವಲ್ಲ. 2025ಕ್ಕೆ 5 ಲಕ್ಷ ಜನರನ್ನು ಸ್ವೀಕರಿಸುವ ಗುರಿ ಇಟ್ಟುಕೊಂಡಿದ್ದ ಕೆನಡಾ, 2024ರ ಅಕ್ಟೋಬರಿನಲ್ಲಿ ಅದನ್ನು 3 ಲಕ್ಷ 95 ಸಾವಿರಕ್ಕೆ ಇಳಿಸಿತು. ಉದ್ಯೋಗದ ಕರೆಪತ್ರಕ್ಕೆ ದೊರೆಯುತ್ತಿದ್ದ ಹೆಚ್ಚುವರಿ ಅಂಕಗಳನ್ನು 2025ರ ಮಾರ್ಚಿನಲ್ಲಿ ತೆಗೆದುಹಾಕಿತು. ಎರಡು ವರ್ಷದ ಹಿಂದೆ ಹೋದ ಗೆಳೆಯನ ಅನುಭವವನ್ನೇ ನೆಚ್ಚಿ ನೌಕರಿಗೆ ರಾಜೀನಾಮೆ ಕೊಡುವುದು ಆದ್ದರಿಂದಲೇ ಅವಿವೇಕ. ದಲ್ಲಾಳಿಗಳ ವಿಷಯದಲ್ಲಿಯೂ ಎಚ್ಚರ ಬೇಕು. ಹಣ ಪಡೆದು ವಲಸೆಯ ಸಲಹೆ ನೀಡಲು ಕೆನಡಾದ ಕಾನೂನು ಅಧಿಕಾರ ಕೊಟ್ಟಿರುವುದು ಅಲ್ಲಿಯ ವಕೀಲರ ಸಂಘಗಳ ಸದಸ್ಯರಿಗೆ ಮತ್ತು ಪರವಾನಗಿ ಪಡೆದ ವಲಸೆ ಸಲಹೆಗಾರರಿಗೆ ಮಾತ್ರ. 2023ರಲ್ಲಿ ಭಾರತದ ಅನೇಕ ವಿದ್ಯಾರ್ಥಿಗಳು, ದಲ್ಲಾಳಿ ಕೊಟ್ಟ ಕಾಲೇಜು ಪ್ರವೇಶಪತ್ರ ಖೋಟಾ ಎಂಬುದು ವರ್ಷಗಳ ಬಳಿಕ ಬಯಲಾಗಿ, ಗಡೀಪಾರಿನ ಭೀತಿ ಎದುರಿಸಿದರು. ಆ ವರ್ಷದ ಡಿಸೆಂಬರಿನಿಂದ ಪ್ರತಿ ಪ್ರವೇಶಪತ್ರವನ್ನೂ ಅಲ್ಲಿಯ ಸರ್ಕಾರ ಕಾಲೇಜಿನೊಡನೆ ತಾಳೆ ನೋಡುವ ಏರ್ಪಾಡಾಯಿತು.

ಅಂಕಗಳ ಲೆಕ್ಕದಲ್ಲಿ ಗೆದ್ದವರನ್ನು ಅನಂತರ ಕಾಡುವುದು ವೃತ್ತಿಯ ಪ್ರಶ್ನೆ. ಪದವಿಯು ಕೆನಡಾದ ಪದವಿಗೆ ಸಮಾನವೆಂಬ ವರದಿಯು ವಲಸೆಗೆ ಸಲ್ಲುತ್ತದೆಯೇ ಹೊರತು, ಆ ವೃತ್ತಿಯನ್ನು ನಡೆಸುವ ಪರವಾನಗಿಯಲ್ಲ. ವೈದ್ಯರು, ದಾದಿಯರು, ಔಷಧ ವಿತರಕರು, ಶಾಲಾ ಶಿಕ್ಷಕರು, ಸಹಿ ಹಾಕುವ ಅಧಿಕಾರವುಳ್ಳ ಇಂಜಿನಿಯರರು ಇವರೆಲ್ಲರಿಗೂ ಪ್ರಾಂತಪ್ರಾಂತಕ್ಕೆ ಪ್ರತ್ಯೇಕ ನಿಯಂತ್ರಣ ಮಂಡಲಿಗಳಿವೆ. ಹತ್ತು ವರ್ಷ ಜಿಲ್ಲಾ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿದ ವೈದ್ಯರೂ ಅಲ್ಲಿ ಪರೀಕ್ಷೆಗಳನ್ನು ಬರೆದು, ಬಹುಪಾಲು ಸಂದರ್ಭಗಳಲ್ಲಿ ಮತ್ತೆ ಆಸ್ಪತ್ರೆಯ ತರಬೇತಿಗೆ ಸ್ಥಾನ ದೊರಕಿಸಿಕೊಳ್ಳಬೇಕು; ಆ ಸ್ಥಾನಗಳು ಅಲ್ಪ. ಒಂಟಾರಿಯೊ ಪ್ರಾಂತದ ಇಂಜಿನಿಯರರ ಸಂಸ್ಥೆ ‘ಕೆನಡಾದಲ್ಲಿಯೇ ಪಡೆದ ಅನುಭವ ಬೇಕು’ ಎಂಬ ಕಟ್ಟುಪಾಡನ್ನು 2023ರ ಮೇ ತಿಂಗಳಲ್ಲಿ ಕೈಬಿಟ್ಟದ್ದು ಒಳ್ಳೆಯ ಬೆಳವಣಿಗೆ. ಹಾಗಿದ್ದರೂ ಮೊದಲ ಒಂದೆರಡು ವರ್ಷ ತನ್ನ ವಿದ್ಯೆಗಿಂತ ಕೆಳಗಿನ ಕೆಲಸ ಮಾಡಬೇಕಾಗಬಹುದೆಂಬುದನ್ನು ಹೊರಡುವ ಮೊದಲೇ ಗಂಡಹೆಂಡಿರು ಕುಳಿತು ಮಾತಾಡಿಕೊಳ್ಳಬೇಕು. ಊರಿನಲ್ಲಿ ‘ಡಾಕ್ಟರು’ ಎಂದು ಕರೆಸಿಕೊಂಡವರಿಗೆ ಉಗ್ರಾಣದಲ್ಲಿ ಪೆಟ್ಟಿಗೆ ಎತ್ತುವುದು ದೇಹಕ್ಕಿಂತ ಮನಸ್ಸಿಗೆ ಭಾರ. ನಿಯಂತ್ರಣ ಮಂಡಲಿಗೆ ಸಲ್ಲಿಸುವ ಕಾಗದಪತ್ರಗಳ ಕೆಲಸವನ್ನು ಭಾರತದಲ್ಲಿರುವಾಗಲೇ ಆರಂಭಿಸಬಹುದು. ಸಂಬಳ ಬರುತ್ತಿರುವಾಗ ಮಾಡುವ ಈ ಕೆಲಸ ಮುಂದೆ ವರ್ಷವನ್ನೇ ಉಳಿಸೀತು.

ಇನ್ನು ಆಸ್ತಿಪಾಸ್ತಿ. ನೆಲೆಸುವ ಉದ್ದೇಶದಿಂದ ದೇಶ ಬಿಟ್ಟವರ ಸಾಮಾನ್ಯ ಉಳಿತಾಯ ಖಾತೆಯನ್ನು ಅನಿವಾಸಿ ಖಾತೆಯಾಗಿ, ಅಂದರೆ ‘ಎನ್.ಆರ್.ಒ.’ ಖಾತೆಯಾಗಿ ಬದಲಿಸಿಕೊಳ್ಳಬೇಕು. ಹಲವರು ಇದನ್ನು ಮರೆಯುತ್ತಾರೆ. ವಿದೇಶೀ ವಿನಿಮಯ ಕಾನೂನಿನ ಮೇರೆಗೆ ಅನಿವಾಸಿ ಭಾರತೀಯರು ಭಾರತದಲ್ಲಿ ಮನೆ ನಿವೇಶನ ಕೊಳ್ಳಬಹುದು, ಕೃಷಿಭೂಮಿ, ತೋಟ, ತೋಟದ ಮನೆಗಳನ್ನು ಕೊಳ್ಳುವಂತಿಲ್ಲ. ಮೊದಲೇ ಇದ್ದ ಹೊಲವನ್ನು ಉಳಿಸಿಕೊಳ್ಳಲು, ಪಿತ್ರಾರ್ಜಿತವಾಗಿ ಪಡೆಯಲು ಅಡ್ಡಿಯಿಲ್ಲ. ಆದರೆ ತಾತನ ಹೆಸರಿನಲ್ಲಿಯೇ ಉಳಿದ ಪಹಣಿ, ಮಾಡಿಸದೆ ಬಿಟ್ಟ ಪೌತಿ ಖಾತೆ, ಅಣ್ಣತಮ್ಮಂದಿರ ನಡುವೆ ಬಾಯಿಮಾತಿನಲ್ಲೇ ಆದ ಪಾಲು ಇವು ಎದುರಿಗಿದ್ದಾಗ ಸಮಸ್ಯೆಯಾಗಿ ತೋರದಿದ್ದರೂ, ಹನ್ನೆರಡು ಸಾವಿರ ಕಿಲೋಮೀಟರ್ ದೂರ ಹೋದ ಮೇಲೆ ಬಿಡಿಸಲಾಗದ ಗಂಟಾಗುತ್ತವೆ. ವಾಟ್ನಿ ಪತ್ರ, ಖಾತೆ ಬದಲಾವಣೆಗಳನ್ನು ಮುಗಿಸಿಯೇ ವಿಮಾನ ಹತ್ತುವುದು ಲೇಸು. ನಂಬಿಕೆಯವರಿಗೆ ಮುಖ್ತ್ಯಾರ್ ಪತ್ರ ಬರೆದುಕೊಡುವುದಾದರೆ, ಇಲ್ಲಿರುವಾಗಲೇ ನೋಂದಾಯಿಸಿ ಕೊಡುವುದು ಸುಲಭ. ಪರದೇಶದಿಂದ ಬರೆದುಕೊಟ್ಟರೆ ಅದಕ್ಕೆ ಭಾರತೀಯ ದೂತಾವಾಸದ ದೃಢೀಕರಣ ಬೇಕು, ರಾಜ್ಯಕ್ಕೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ತುಂಬಬೇಕು. ಸರ್ವಾಧಿಕಾರ ಕೊಡುವ ಬದಲು, ಇಂಥ ಸರ್ವೆ ನಂಬರಿನ ಇಂಥ ಕೆಲಸಕ್ಕೆ ಎಂದು ಮಿತಿಗೊಳಿಸಿ ಬರೆಯುವುದರಿಂದ ಸಂಬಂಧಗಳೂ ಉಳಿಯುತ್ತವೆ.

ಸಾಮಾನಿನ ವಿಷಯ ಹೇಳುವುದು ಹೆಚ್ಚಿಲ್ಲ, ಆದರೆ ಕೆಲವು ಮಾತು ಅವಶ್ಯ. ಕೆನಡಾದ ವಿದ್ಯುತ್ತು 120 ವೋಲ್ಟಿನದು, ಭಾರತದ್ದು 230. ಇಲ್ಲಿಯ ಮಿಕ್ಸರ್ ಅಲ್ಲಿ ಚಟ್ನಿ ಅರೆಯದು. ಒಯ್ಯುವುದಾದರೆ ಅಲ್ಲಿಯ ವೋಲ್ಟೇಜಿಗೆಂದೇ ತಯಾರಿಸಿದ್ದನ್ನು ಕೊಳ್ಳಬೇಕು. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಗುರೆಳ್ಳು ಪುಡಿಗಳು ಕೆಡದೆ ಉಳಿಯುತ್ತವೆ. ಆದರೆ ತಿನ್ನುವ ಪದಾರ್ಥ ಏನಿದ್ದರೂ ಸುಂಕದ ಅಧಿಕಾರಿಗೆ ತಿಳಿಸತಕ್ಕದ್ದು. ಹಿತ್ತಿಲ ಅವರೆ ಬೀಜ, ತುಳಸಿ ಸಸಿ ಇಂತಹವುಗಳಿಗೆ ನಿರ್ಬಂಧವಿದೆ. ಜೊತೆಗೆ ತಂದ ಸಾಮಾನಿನದೊಂದು ಪಟ್ಟಿ, ಮುಂದೆ ತರಿಸಿಕೊಳ್ಳುವ ಸಾಮಾನಿನದು ಇನ್ನೊಂದು ಪಟ್ಟಿ ಮಾಡಿ ಮೊದಲ ಪ್ರವೇಶದಲ್ಲಿಯೇ ಕೊಟ್ಟರೆ, ನಂತರ ಬರುವ ವಸ್ತುಗಳಿಗೆ ಸುಂಕದ ಹೊರೆ ತಪ್ಪುತ್ತದೆ. ಆಭರಣಗಳಿಗೆ ಬೆಲೆಪಟ್ಟಿಯೂ ಚಿತ್ರವೂ ಇರಲಿ. 10 ಸಾವಿರ ಡಾಲರಿಗೆ ಮೀರಿದ ಹಣ ಕೈಯಲ್ಲಿದ್ದರೆ ಅದನ್ನೂ ಘೋಷಿಸಬೇಕು. ಚಳಿಯ ಉಡುಪನ್ನು ಬೆಂಗಳೂರಿನಲ್ಲಿ ಕೊಂಡು ಹೊರೆ ಮಾಡಿಕೊಳ್ಳದೆ ಅಲ್ಲಿಯೇ ಕೊಳ್ಳುವುದು ವಿವೇಕ. ಇಲ್ಲಿಯ ಸ್ವೆಟರು ಶೂನ್ಯಕ್ಕಿಂತ 30 ಡಿಗ್ರಿ ಕೆಳಗಿನ ಗಾಳಿಯನ್ನು ತಡೆಯದು. ಚಳಿಗಿಂತಲೂ ಹೊಸಬರನ್ನು ಕುಗ್ಗಿಸುವುದು ಕತ್ತಲೆ. ಎಡ್ಮಂಟನ್ ನಗರದಲ್ಲಿ ಡಿಸೆಂಬರಿನ ಹಗಲು ಸುಮಾರು ಏಳೂವರೆ ತಾಸು ಮಾತ್ರ.

ಇಳಿದ ಮೊದಲ ವಾರದಲ್ಲಿ ಒಂಬತ್ತು ಅಂಕಿಯ ಸಾಮಾಜಿಕ ವಿಮಾ ಸಂಖ್ಯೆ ಪಡೆಯಬೇಕು, ಅದಿಲ್ಲದೆ ಸಂಬಳವಿಲ್ಲ. ಒಂಟಾರಿಯೊದಲ್ಲಿ ಸರ್ಕಾರೀ ಆರೋಗ್ಯ ವಿಮೆಗೆ ಇದ್ದ ಮೂರು ತಿಂಗಳ ಕಾಯುವಿಕೆ 2020ರಲ್ಲಿ ರದ್ದಾಯಿತು. ಬ್ರಿಟಿಷ್ ಕೊಲಂಬಿಯಾದಲ್ಲಿ ಬಂದ ತಿಂಗಳ ಉಳಿದ ದಿನಗಳೊಡನೆ ಇನ್ನೆರಡು ತಿಂಗಳು ಕಾಯಬೇಕು. ಆ ಅವಧಿಗೆ ಖಾಸಗಿ ವಿಮೆ ಮಾಡಿಸದಿರುವುದು ದುಸ್ಸಾಹಸ. ಮನೆ ಬಾಡಿಗೆಗೆ ಬೆಂಗಳೂರಿನಂತೆ ಹಲವು ತಿಂಗಳ ಮುಂಗಡವಿಲ್ಲ. ಒಂಟಾರಿಯೊದಲ್ಲಿ ಕೊನೆಯ ತಿಂಗಳ ಬಾಡಿಗೆಗೆ ಸಮನಾದ ಠೇವಣಿಗಿಂತ ಹೆಚ್ಚು ಕೇಳುವಂತಿಲ್ಲ. ಮಕ್ಕಳನ್ನು ಶಾಲೆಗೆ ಸೇರಿಸಲು ವರ್ಗಾವಣೆ ಪತ್ರ, ಹಿಂದಿನ ಎರಡು ಮೂರು ವರ್ಷಗಳ ಅಂಕಪಟ್ಟಿಯ ಇಂಗ್ಲಿಷ್ ಪ್ರತಿ, ಎಲ್ಲಕ್ಕಿಂತ ಮುಖ್ಯವಾಗಿ ಲಸಿಕೆ ಹಾಕಿಸಿದ ಕಾರ್ಡು ಬೇಕು. ಅಂಗನವಾಡಿಯಲ್ಲಿ ಕೊಟ್ಟ ತಾಯಿ ಕಾರ್ಡನ್ನು ಎಸೆಯದೆ ಕಾಪಾಡಿದ ತಾಯಂದಿರು ಇಲ್ಲಿ ಜಾಣೆಯರೆನಿಸುತ್ತಾರೆ.

ಈ ಎಲ್ಲ ಸಿದ್ಧತೆಗಳ ನಡುವೆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡದ ಮಾತೊಂದಿರುತ್ತದೆ: ಅಪ್ಪ ಅವ್ವರ ಗತಿಯೇನು? ‘ಹೋಗಿ ನೆಲೆಯೂರಿದ ಮೇಲೆ ಕರೆಸಿಕೊಳ್ಳುತ್ತೇವೆ’ ಎಂದು ಎಲ್ಲರೂ ಹೇಳುತ್ತಾರೆ, ಮನಃಪೂರ್ವಕವಾಗಿಯೇ ಹೇಳುತ್ತಾರೆ. ಆದರೆ ತಂದೆತಾಯಿಯರನ್ನು ಕಾಯಂ ಆಗಿ ಕರೆಸಿಕೊಳ್ಳುವ ಕೆನಡಾದ ಯೋಜನೆಯಲ್ಲಿ ಸ್ಥಾನಗಳು ಬಹು ಕಡಿಮೆ. 2021ರಿಂದ 2025ರವರೆಗೆ ಆಹ್ವಾನ ದೊರೆತದ್ದು 2020ರಲ್ಲಿ ಹೆಸರು ಕೊಟ್ಟವರಿಗೆ ಮಾತ್ರ, ಅದೂ ಚೀಟಿ ಎತ್ತಿದಂತೆ. ಬದಲಿಗೆ ‘ಸೂಪರ್ ವೀಸಾ’ ಎಂಬ ಅನುಕೂಲವಿದೆ: 2022ರ ಜುಲೈನಿಂದ ಒಂದು ಸಲ ಬಂದರೆ ಐದು ವರ್ಷದವರೆಗೂ ಉಳಿಯಬಹುದು. ಅದಕ್ಕೆ ಕನಿಷ್ಠ 1 ಲಕ್ಷ ಡಾಲರಿನ ಖಾಸಗಿ ಆರೋಗ್ಯ ವಿಮೆ ಕಡ್ಡಾಯ. ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವ ಎಪ್ಪತ್ತರ ಹಿರಿಯರಿಗೆ ಆ ವಿಮೆಯ ಕಂತು ದುಬಾರಿ. ಇನ್ನು, ಬಂದ ಹಿರಿಯರು ಮಗ ಸೊಸೆ ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ ಹೋದ ಮೇಲೆ, ಮಂಜು ಬಿದ್ದ ಬೀದಿಯನ್ನು ಕಿಟಕಿಯಿಂದ ನೋಡುತ್ತ ಕೂರುತ್ತಾರೆ. ಕಟ್ಟೆಯಿಲ್ಲ, ಸಂತೆಯಿಲ್ಲ, ‘ಊಟ ಆಯ್ತೇನ್ರಿ’ ಎಂದು ಕೇಳುವವರಿಲ್ಲ. ಮೂರನೆಯ ತಿಂಗಳಿಗೇ ಊರಿಗೆ ಕಳಿಸಿರೆಂದು ಕೇಳುವವರು ಅಪರೂಪವಲ್ಲ.

ಆದ್ದರಿಂದ ಹಿರಿಯರು ಊರಿನಲ್ಲಿಯೇ ಇರುವರೆಂದು ತಿಳಿದು ಏರ್ಪಾಡು ಮಾಡುವುದೇ ಹೆಚ್ಚು ಪ್ರಾಮಾಣಿಕ. ಅವರ ಹೆಸರಿನ ಬ್ಯಾಂಕ್ ಖಾತೆಗೆ ನಾಮಿನಿ, ಇಲ್ಲಿಯೇ ನಡೆಯುವ ಆರೋಗ್ಯ ವಿಮೆ, ಕಾಯಂ ಆಗಿ ನೋಡುವ ಒಬ್ಬ ವೈದ್ಯರು, ರಾತ್ರಿ ಎರಡು ಗಂಟೆಗೆ ಕರೆದರೂ ಬರುವ ಒಬ್ಬ ನೆರೆಯವರು, ಆ ನೆರೆಯವರ ಕೈಯಲ್ಲಿ ಸ್ವಲ್ಪ ಹಣ ಇವು ಇರಬೇಕು. ಕೊನೆಯ ದರ್ಶನದ ಮಾತನ್ನೂ ಆಡಿಟ್ಟುಕೊಳ್ಳಬೇಕಾಗುತ್ತದೆ. ಟೊರೊಂಟೊದಿಂದ ಹೊರಟವರು ಬೀದರಿನ ಅಥವಾ ಹಾವೇರಿಯ ಹಳ್ಳಿಯೊಂದನ್ನು ಮುಟ್ಟಲು, ಟಿಕೆಟ್ಟು ಒಡನೆಯೇ ದೊರೆತರೂ, ಒಂದೂವರೆ ದಿನವಾದರೂ ಬೇಕು. ಅಲ್ಲಿಯವರೆಗೆ ಕಾಯಬೇಕೋ ಬೇಡವೋ ಎಂಬುದನ್ನು ಹಿರಿಯರೇ ತಾವಾಗಿ ಹೇಳಿಟ್ಟ ಮನೆಗಳಲ್ಲಿ ಬದುಕಿರುವವರಿಗೆ ಪಶ್ಚಾತ್ತಾಪ ಕಡಿಮೆ.

ಕಾಯಂ ವಾಸದ ಹಕ್ಕು ಉಳಿಯಬೇಕಾದರೆ ಪ್ರತಿ ಐದು ವರ್ಷಗಳಲ್ಲಿ 730 ದಿನ ಕೆನಡಾದಲ್ಲಿ ಇರಬೇಕು. ಪೌರತ್ವ ಕೇಳಲು ಐದು ವರ್ಷಗಳಲ್ಲಿ 1095 ದಿನ. ಭಾರತದ ಸಂವಿಧಾನ ಎರಡು ಪೌರತ್ವವನ್ನು ಒಪ್ಪುವುದಿಲ್ಲವಾದ್ದರಿಂದ, ಆ ದೇಶದ ಪೌರತ್ವ ಪಡೆದ ಕ್ಷಣವೇ ಭಾರತದ್ದು ಕಳಚುತ್ತದೆ, ಪಾಸ್‌ಪೋರ್ಟನ್ನು ಒಪ್ಪಿಸಬೇಕು. ಅಂಥವರಿಗೆಂದು 2005ರ ತಿದ್ದುಪಡಿಯಿಂದ ರೂಢಿಗೆ ಬಂದ ‘ಓ.ಸಿ.ಐ.’ ಕಾರ್ಡು ಜೀವನಪರ್ಯಂತ ಬಂದುಹೋಗುವ ಅನುಕೂಲ ಕೊಡುತ್ತದೆ, ಮತದಾನದ ಹಕ್ಕನ್ನು ಕೊಡುವುದಿಲ್ಲ. ಭಾರತದ ಪಾಸ್‌ಪೋರ್ಟನ್ನೇ ಇಟ್ಟುಕೊಂಡವರು ಮಾತ್ರ ಅನಿವಾಸಿ ಮತದಾರರಾಗಿ ನೋಂದಾಯಿಸಿಕೊಂಡು, ಸ್ವತಃ ಊರಿಗೆ ಬಂದು ಮತ ಹಾಕಬಹುದು.

ಈ ವ್ಯತ್ಯಾಸವು ಓದಿದ ಶಾಲೆಗೆ ನೆರವು ಕಳಿಸುವ ಹಳೆಯ ವಿದ್ಯಾರ್ಥಿಗಳಿಗೂ, ಅದನ್ನು ಸ್ವೀಕರಿಸುವ ಆಡಳಿತ ಮಂಡಲಿಗಳಿಗೂ ಸಂಬಂಧಿಸಿದ್ದು. ಭಾರತದ ಪೌರನಾಗಿಯೇ ಉಳಿದ ಅನಿವಾಸಿ, ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ ದೇಣಿಗೆ ವಿದೇಶೀ ವಂತಿಗೆ ಎನಿಸುವುದಿಲ್ಲ. ಅದೇ ವ್ಯಕ್ತಿ ಮುಂದೆ ಪರದೇಶದ ಪೌರತ್ವ ಪಡೆದು, ಓ.ಸಿ.ಐ. ಕಾರ್ಡು ಹೊಂದಿದ್ದರೂ ಸರಿಯೆ, ಕಳಿಸಿದ ಹಣ 2010ರ ವಿದೇಶೀ ವಂತಿಗೆ ನಿಯಂತ್ರಣ ಕಾಯಿದೆಯ ವ್ಯಾಪ್ತಿಗೆ ಬರುತ್ತದೆ. ಅದನ್ನು ಪಡೆಯಲು ಸಂಸ್ಥೆಗೆ ಕೇಂದ್ರ ಗೃಹ ಸಚಿವಾಲಯದ ನೋಂದಣಿ ಅಥವಾ ಪೂರ್ವಾನುಮತಿ ಇರಬೇಕು. 2020ರ ತಿದ್ದುಪಡಿಯ ಬಳಿಕ ಅಂಥ ಹಣ ಮೊದಲು ಸ್ಟೇಟ್ ಬ್ಯಾಂಕಿನ ನವದೆಹಲಿಯ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಆದ್ದರಿಂದ ಕೊಠಡಿಗೋ ಗ್ರಂಥಾಲಯಕ್ಕೋ ಹಣ ಕಳಿಸುವವರು ಮೊದಲು ಪತ್ರ ಬರೆದು, ತಾವು ಈಗ ಯಾವ ದೇಶದ ಪಾಸ್‌ಪೋರ್ಟು ಹೊಂದಿದ್ದೇವೆಂಬುದನ್ನು ಕಚೇರಿಗೆ ತಿಳಿಸಬೇಕು. ರಸೀದಿ ಬರೆಯುವ ಮುನ್ನ ಕಚೇರಿಯೂ ಅದನ್ನು ಕೇಳಿ ಕಡತದಲ್ಲಿ ಇರಿಸಿಕೊಳ್ಳಬೇಕು.